ಮಗುವನ್ನು ಮಕ್ಕಳ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗುವ ಮುನ್ನ

ಜ್ವರ, ಕೆಮ್ಮಿನ ಸೀಸನ್‌ನಲ್ಲಿ ಮಕ್ಕಳ ಡಾಕ್ಟ್ರ ಹತ್ತಿರ ನಿಮ್ಮ ಪಾಲಿಗೆ ಐದು ನಿಮಿಷ ಸಿಕ್ಕರೆ ಜಾಸ್ತಿ. ಆ ಐದು ನಿಮಿಷವೂ ಮಗು ಅಳುತ್ತಿರುತ್ತದೆ. ಹೊರಗೆ ಟೋಕನ್ ಹಿಡಿದವರು ಬಾಗಿಲನ್ನೇ ನೋಡುತ್ತಿರುತ್ತಾರೆ. ಡಾಕ್ಟ್ರು "ಎಷ್ಟು ದಿನದಿಂದ ಜ್ವರ?" ಅಂತ ಕೇಳಿದ ಕೂಡಲೇ ಅಪ್ಪ ಅಮ್ಮನ ಮುಖ ನೋಡುತ್ತಾನೆ, ಅಮ್ಮ ಅಜ್ಜಿಯ ಮುಖ ನೋಡುತ್ತಾಳೆ. ಕೊನೆಗೆ ಬರುವ ಉತ್ತರ, "ಮೂರ್ನಾಲ್ಕು ದಿನ ಆಯ್ತೇನೋ ಡಾಕ್ಟ್ರೇ."

ದೊಡ್ಡವರಾದರೆ ತಮಗೆ ಏನಾಗಿದೆ ಅಂತ ತಾವೇ ಹೇಳಿಕೊಳ್ಳುತ್ತಾರೆ. ಮಗು ಹೇಳುವುದಿಲ್ಲ. ಡಾಕ್ಟ್ರು ಮುಟ್ಟಿ ನೋಡಿ ತಿಳಿಯುವುದು ಸ್ವಲ್ಪ, ಮನೆಯವರ ಬಾಯಿಂದ ತಿಳಿಯುವುದೇ ಜಾಸ್ತಿ. ಹಾಗಾಗಿ ತಯಾರಿ ಅಂದರೆ ಬ್ಯಾಗ್ ತುಂಬಿಕೊಳ್ಳುವುದಲ್ಲ, ಹೇಳಬೇಕಾದ್ದನ್ನು ಸರಿಯಾಗಿ ಇಟ್ಟುಕೊಳ್ಳುವುದು. ಮಿಕ್ಕಿದ್ದೆಲ್ಲ ಆಮೇಲೆ.

ಮೊದಲು: ಟೋಕನ್‌ಗೆ ಕಾಯುವ ಹೊತ್ತಾ ಇದು?

ಕೆಲವು ಸಲ ಸಂಜೆ ಕ್ಲಿನಿಕ್ ತೆರೆಯುವವರೆಗೆ ಕಾಯಬಾರದು. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇದ್ದರೆ ರಾತ್ರಿಯಾಗಲಿ, ಭಾನುವಾರವಾಗಲಿ, ಆಸ್ಪತ್ರೆಗೆ ಹೋಗಿ. ಯಾವ ವಯಸ್ಸಿನ ಮಗುವಾದರೂ ಹಾಲು, ನೀರು ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿ ಬಿದ್ದಿದ್ದರೆ ತಡ ಮಾಡಬೇಡಿ. ತುಟಿ ನೀಲಿಯಾಗಿದ್ದರೆ, ಆರರಿಂದ ಎಂಟು ಗಂಟೆ ಸುಸ್ಸು ಮಾಡದಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಅತ್ತರೂ ಕಣ್ಣೀರು ಬರದಿದ್ದರೆ ಆಗಲೂ ಅಷ್ಟೇ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಉಸಿರಾಟವನ್ನು ನೀವೇ ಎಣಿಸಬಹುದು. ಮಗು ಮಲಗಿರುವಾಗ, ಇಲ್ಲವೇ ಸುಮ್ನೆ ಕೂತಿರುವಾಗ ಅಂಗಿ ಮೇಲೆತ್ತಿ. ಮೊಬೈಲ್‌ನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಹೊಟ್ಟೆ ಎಷ್ಟು ಸಲ ಮೇಲೇರುತ್ತದೆ ಅಂತ ಲೆಕ್ಕ ಹಾಕಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ. ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದವರೆಗೆ 40. ಲೆಕ್ಕ ಇಷ್ಟಕ್ಕೆ ಬಂದರೆ ಅಥವಾ ದಾಟಿದರೆ ಅದು ಜೋರು ಉಸಿರು, ಅವತ್ತೇ ತೋರಿಸಿ. ಉಸಿರು ಎಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ ಲೆಕ್ಕ ಎಷ್ಟೇ ಬರಲಿ, ತಕ್ಷಣ ಹೊರಡಿ.

ಒಂದು ಚೀಟಿ ಬರೆಯಿರಿ

ಇದೊಂದನ್ನು ಮಾಡಿದರೂ ಅರ್ಧ ಕೆಲಸ ಮುಗಿದ ಹಾಗೆ. ಹಳೇ ನೋಟ್‌ಬುಕ್‌ನ ಹಾಳೆ ಸಾಕು. ಮೊಬೈಲ್‌ನಲ್ಲೂ ಬರೆದುಕೊಳ್ಳಬಹುದು, ಆದರೆ ಅಲ್ಲಿ ಹೋದ ಮೇಲೆ ಮಗು ಮೊಬೈಲ್ ಕಿತ್ತುಕೊಳ್ಳುತ್ತದೆ, ನೆನಪಿರಲಿ! ಚೀಟಿ ಹೀಗಿರಲಿ:

ವಯಸ್ಸು 3 ವರ್ಷ 4 ತಿಂಗಳು, ತೂಕ 13.5 ಕೆ.ಜಿ.
ಮಂಗಳವಾರ ರಾತ್ರಿ 9ಕ್ಕೆ ಜ್ವರ ಶುರು, ಕಂಕುಳಲ್ಲಿ 101.4. ಬುಧವಾರ ಮೂರು ಸಲ ಏರಿತು, ಜಾಸ್ತಿ ಅಂದರೆ 103.
ಪ್ಯಾರಾಸಿಟಮಾಲ್ ಸಿರಪ್ (5 ಎಂ.ಎಲ್.ನಲ್ಲಿ 250 ಮಿ.ಗ್ರಾಂ.) 4 ಎಂ.ಎಲ್. ಕೊನೆಯ ಸಲ ಇವತ್ತು ಮಧ್ಯಾಹ್ನ 2ಕ್ಕೆ.
ವಾಂತಿ ಎರಡು ಸಲ. ಭೇದಿ ಇಲ್ಲ. ಬೆಳಗ್ಗೆಯಿಂದ ಸುಸ್ಸು ಮೂರು ಸಲ.
ಅನ್ನ ಬೇಡ ಅಂತಾನೆ. ಗಂಜಿ, ಎಳನೀರು ಕುಡಿದಿದ್ದಾನೆ.
ಅಂಗನವಾಡಿಯಲ್ಲಿ ಇನ್ನಿಬ್ಬರು ಮಕ್ಕಳಿಗೆ ಜ್ವರ.
ಹೋದ ವರ್ಷ ಆಮಾಕ್ಸಿಸಿಲಿನ್ ಕೊಟ್ಟಾಗ ಮೈಯೆಲ್ಲ ದದ್ದು.

ಇಷ್ಟೇ. ಜ್ವರ ಯಾವಾಗ ಶುರುವಾಯಿತು ಅನ್ನುವುದನ್ನು "ಮೊನ್ನೆಯಿಂದ" ಅಂತ ಬರೆಯದೆ ವಾರ, ಹೊತ್ತು ಹಾಕಿ ಬರೆಯಲು ಕಾರಣ ಇದೆ. ಮಳೆಗಾಲದಲ್ಲಿ ನಮ್ಮಲ್ಲಿ ಡೆಂಗ್ಯೂ ಇದ್ದೇ ಇರುತ್ತದೆ. ಜ್ವರದ ಮೊದಲ ಐದು ದಿನದಲ್ಲಿ ಡೆಂಗ್ಯೂ ಪತ್ತೆ ಮಾಡಲು ಎನ್‌ಎಸ್1 ಅನ್ನುವ ರಕ್ತ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಅದಾದ ಮೇಲೆ ಬೇರೆ ಪರೀಕ್ಷೆ ಬೇಕಾಗುತ್ತದೆ. ಇನ್ನೊಂದು ವಿಷಯ, ಡೆಂಗ್ಯೂನಲ್ಲಿ ಅಪಾಯದ ಹೊತ್ತು ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. "ಜ್ವರ ಬಿಡ್ತು" ಅಂತ ಮನೆಯವರು ಉಸಿರು ಬಿಡುವ ಹೊತ್ತಿಗೇ ಮಗುವಿಗೆ ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆಯ ಕೈಕಾಲು, ಒಸಡಲ್ಲಿ ರಕ್ತ ಕಾಣಿಸಿಕೊಳ್ಳಬಹುದು. ಇವತ್ತು ಎಷ್ಟನೇ ದಿನ ಅನ್ನುವುದು ತಪ್ಪಿದರೆ ಡಾಕ್ಟ್ರ ಲೆಕ್ಕವೂ ತಪ್ಪುತ್ತದೆ.

ಜ್ವರವನ್ನು ನಂಬರ್‌ನಲ್ಲಿ ಬರೆಯಿರಿ. "ಮೈ ಕೆಂಡದಂತೆ ಸುಡ್ತಿತ್ತು" ಅಂದರೆ 100 ಡಿಗ್ರಿಯೂ ಇರಬಹುದು, 104ಯೂ ಇರಬಹುದು. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ಕಂಕುಳಲ್ಲಿಟ್ಟು, ಕೈ ಒತ್ತಿ ಹಿಡಿದು, ಬೀಪ್ ಬರುವವರೆಗೆ ಬಿಡಿ.

ಮಾತಲ್ಲಿ ಹೇಳಲಾಗದ್ದನ್ನು ವಿಡಿಯೋ ಮಾಡಿ. ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿದ ಹಾಗೆ ಕೆಮ್ಮಿದ ಮಗು ಸಂಜೆ ಕ್ಲಿನಿಕ್‌ನಲ್ಲಿ ನಗುನಗುತ್ತಾ ಆಡುತ್ತಿರುತ್ತದೆ. ಡಾಕ್ಟ್ರಿಗೆ ನೀವು ಆ ಕೆಮ್ಮನ್ನು ಮಾಡಿ ತೋರಿಸುವುದಕ್ಕಿಂತ ಅರ್ಧ ನಿಮಿಷದ ವಿಡಿಯೋ ವಾಸಿ. ಬಂದು ಹೋಗುವ ದದ್ದು, ಕಕ್ಕದ ಬಣ್ಣ, ಅದರಲ್ಲಿ ರಕ್ತ ಇದ್ದರೆ ಅದರ ಫೋಟೋ, ಎಲ್ಲವೂ ಸರಿ. ನಾಚಿಕೆ ಬೇಡ, ಮಕ್ಕಳ ಡಾಕ್ಟ್ರು ದಿನಾ ನೋಡುವುದೇ ಅದು. ಫಿಟ್ಸ್ ಬಂದಾಗ ಮಾತ್ರ ಮೊದಲು ಮಗುವನ್ನು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಬಾಯಿಗೆ ಚಮಚ, ನೀರು, ಈರುಳ್ಳಿ ಏನೂ ಹಾಕಬೇಡಿ. ವಿಡಿಯೋ ಇನ್ನೊಬ್ಬರು ಮಾಡಲಿ.

ಔಷಧಿ ಬಾಟಲಿಯನ್ನೇ ತೆಗೆದುಕೊಂಡು ಹೋಗಿ

"ಅದೇ ಸರ್, ಗುಲಾಬಿ ಬಣ್ಣದ ಸಿರಪ್ಪು" ಅಂದರೆ ಡಾಕ್ಟ್ರಿಗೆ ಏನೂ ಗೊತ್ತಾಗುವುದಿಲ್ಲ. ಪ್ಯಾರಾಸಿಟಮಾಲ್ ಒಂದನ್ನೇ ತೆಗೆದುಕೊಳ್ಳಿ. ಮಕ್ಕಳಿಗೆ ಕೊಡುವುದು ಸಾಮಾನ್ಯವಾಗಿ ಮೂರು ಬಗೆಯಲ್ಲಿ ಸಿಗುತ್ತದೆ. ಒಂದರಲ್ಲಿ 5 ಎಂ.ಎಲ್.ಗೆ 120 ಮಿ.ಗ್ರಾಂ. ಔಷಧಿ, ಇನ್ನೊಂದರಲ್ಲಿ 5 ಎಂ.ಎಲ್.ಗೆ 250. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100. ನೋಡಿ, ಚಿಕ್ಕ ಮಕ್ಕಳ ಡ್ರಾಪ್ಸೇ ಎಲ್ಲಕ್ಕಿಂತ ಗಟ್ಟಿ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಪ್ಯಾರಾಸಿಟಮಾಲ್ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕೆ.ಜಿ.ಗೆ ಹೆಚ್ಚೆಂದರೆ 15 ಮಿ.ಗ್ರಾಂ. ಹತ್ತು ಕೆ.ಜಿ. ಮಗುವಿಗೆ 150 ಮಿ.ಗ್ರಾಂ. ಅಂದರೆ 120ರ ಬಾಟಲಿಯಲ್ಲಿ ಸುಮಾರು 6 ಎಂ.ಎಲ್., 250ರ ಬಾಟಲಿಯಲ್ಲಿ 3 ಎಂ.ಎಲ್., ಡ್ರಾಪ್ಸ್‌ನಲ್ಲಿ ಒಂದೂವರೆ ಎಂ.ಎಲ್. ಈಗ ಮನೆಯಲ್ಲಿ ಏನಾಗುತ್ತದೆ ಯೋಚಿಸಿ. ಹಳೇ ಬಾಟಲಿ ಖಾಲಿಯಾಗಿ ಹೊಸದು ಬಂತು, ಅದು 250ರದ್ದು. "ಹೋದ ಸಲ ಆರು ಎಂ.ಎಲ್. ಕೊಟ್ಟಿದ್ವಲ್ಲಾ" ಅಂತ ಅಷ್ಟೇ ಕೊಟ್ಟರೆ ಎರಡರಷ್ಟಾಯಿತು. ಡ್ರಾಪ್ಸ್‌ನಲ್ಲಿ ಅಷ್ಟು ಕೊಟ್ಟರೆ ನಾಲ್ಕರಷ್ಟು! ಹೀಗೆ ದಿನವೆಲ್ಲ ನಡೆದರೆ ಪೆಟ್ಟು ಬೀಳುವುದು ಲಿವರ್‌ಗೆ. ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ, ದಿನಕ್ಕೆ ನಾಲ್ಕು ಸಲ ದಾಟಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಡಾಕ್ಟ್ರನ್ನು ಕೇಳದೆ ಕೊಡಲೇಬೇಡಿ.

ಎಷ್ಟೋ ನೆಗಡಿ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಲೇಬಲ್ ಓದದೆ ಎರಡನ್ನೂ ಕೊಟ್ಟರೆ ಒಂದೇ ಔಷಧಿ ಎರಡು ಸಲ ಹೊಟ್ಟೆಗೆ ಹೋಗುತ್ತದೆ. ಕೆಮ್ಮು ನೆಗಡಿ ಸಿರಪ್ ಬಗ್ಗೆಯಂತೂ ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲೇ ಹೇಳಿದೆ: ಎರಡು ವರ್ಷದೊಳಗಿನ ಮಕ್ಕಳಿಗೆ ಬರೆಯಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ. ಹಾಗಾಗಿ ಮೆಡಿಕಲ್ ಶಾಪ್‌ನವರನ್ನು ಕೇಳಿ ತಂದಿದ್ದರೆ, ಅಕ್ಕನ ಮಗುವಿಗೆ ಬರೆದದ್ದನ್ನೇ ಕೊಟ್ಟಿದ್ದರೆ, ಬಾಟಲಿ ತೋರಿಸಿ ಹೇಳಿಬಿಡಿ. ಜ್ವರಕ್ಕೆ ಐಬುಪ್ರೊಫೆನ್ ಅಥವಾ ಮೆಫೆನಮಿಕ್ ಆಸಿಡ್ ಇರುವ ಸಿರಪ್ ಕೊಟ್ಟಿದ್ದರೂ ಹೇಳಿ. ಡೆಂಗ್ಯೂ ಅನುಮಾನ ಇದ್ದಾಗ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ.

ಮನೆಮದ್ದು ಮುಚ್ಚಿಡಬೇಡಿ

ಬಜೆ ತೇದು ನೆಕ್ಕಿಸಿದ್ದು, ಗ್ರೈಪ್ ವಾಟರ್, ಹೊಕ್ಕುಳ ಸುತ್ತ ಹಚ್ಚಿದ ಇಂಗು, ಕಿವಿಗೆ ಬಿಟ್ಟ ಬೆಚ್ಚನೆಯ ಎಣ್ಣೆ, ಊರಿನಿಂದ ತರಿಸಿದ ಪುಡಿ. "ಡಾಕ್ಟ್ರು ಬೈತಾರೆ" ಅಂತ ಇದನ್ನೆಲ್ಲ ಹೇಳುವುದೇ ಇಲ್ಲ. ಬೈದರೆ ಬೈಯಲಿ ಬಿಡಿ, ಅರ್ಧ ನಿಮಿಷದ ಮಾತು. ಕಿವಿಗೆ ಎಣ್ಣೆ ಬಿಟ್ಟಿದ್ದರೆ ಒಳಗಿನ ಪರದೆ ಸರಿಯಾಗಿ ಕಾಣುವುದಿಲ್ಲ. ಜೇನುತುಪ್ಪ ನೆಕ್ಕಿಸಿದ್ದರೆ ಖಂಡಿತ ಹೇಳಬೇಕು. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಮಗುವಿನ ಸ್ನಾಯುಗಳನ್ನೇ ಸೋಲಿಸಿಬಿಡುತ್ತದೆ. ದೃಷ್ಟಿ ತೆಗೆದದ್ದು, ದಾರ ಕಟ್ಟಿಸಿದ್ದು ಡಾಕ್ಟ್ರಿಗೆ ಬೇಕಿಲ್ಲ. ಹೊಟ್ಟೆಗೆ ಹೋದದ್ದು, ಮೈಗೆ ಹಚ್ಚಿದ್ದು ಮಾತ್ರ ಬೇಕು.

ಭೇದಿ ಇದ್ದಾಗ ಏನು ಕುಡಿಸಿದ್ದೀರಿ ಅನ್ನುವುದನ್ನೂ ಸರಿಯಾಗಿ ಹೇಳಿ. ಅಂಗಡಿಯಲ್ಲಿ ಸಿಗುವ ಸಿಹಿ ಟೆಟ್ರಾಪ್ಯಾಕ್ ಜ್ಯೂಸ್ ಓಆರ್‌ಎಸ್ ಅಲ್ಲ. ಅದರ ಸಕ್ಕರೆಯಿಂದ ಭೇದಿ ಇನ್ನೂ ಜಾಸ್ತಿಯಾಗಬಹುದು. ಓಆರ್‌ಎಸ್ ಅಂದರೆ ಪ್ಯಾಕೆಟ್ ಮೇಲೆ ಬರೆದಷ್ಟು ನೀರಿಗೆ (ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರ್) ಇಡೀ ಪ್ಯಾಕೆಟ್ ಒಟ್ಟಿಗೆ ಕಲಸುವ ಪುಡಿ. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಪುಕ್ಕಟೆ ಸಿಗುತ್ತದೆ. ಲೋಟಕ್ಕೆ ಒಂದು ಚಮಚದಂತೆ ಅಂದಾಜಿನಲ್ಲಿ ಕಲಸಿ ಕುಡಿಸಿದ್ದರೆ ಅದನ್ನೂ ಹೇಳಿ.

ಯಾರು ಹೋಗಬೇಕು?

ಹಗಲು ಮಗುವನ್ನು ನೋಡಿಕೊಂಡವರು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಎಷ್ಟು ಸಲ ಭೇದಿಯಾಯಿತು ಅನ್ನುವುದು ಅಜ್ಜಿಗೇ ಗೊತ್ತು. ಅಜ್ಜಿಗೆ ಮೆಟ್ಟಿಲು ಹತ್ತಲು ಆಗದಿದ್ದರೆ ಹೊರಡುವ ಮುಂಚೆ ಅವರನ್ನು ಕೂರಿಸಿಕೊಂಡು ಚೀಟಿ ತುಂಬಿಸಿ. ಅವರು ಹೋದರೆ ಫೋನ್‌ನಲ್ಲಿ ನೀವು ಸಿಗುವಂತಿರಿ. ಇಬ್ಬರಿಗಿಂತ ಜಾಸ್ತಿ ಜನ ಒಳಗೆ ನುಗ್ಗಬೇಡಿ. ನಾಲ್ಕು ಜನ ನಾಲ್ಕು ಥರ ಹೇಳಿದರೆ ಡಾಕ್ಟ್ರು ಯಾರ ಮಾತನ್ನೂ ಪೂರ್ತಿ ಕೇಳುವುದಿಲ್ಲ.

ಫೈಲ್, ಬ್ಯಾಗ್, ಬಟ್ಟೆ

ತಾಯಿ ಕಾರ್ಡ್ ಅಥವಾ ಲಸಿಕೆ ಕಾರ್ಡ್, ಹಳೇ ಚೀಟಿಗಳು, ರಕ್ತ ಪರೀಕ್ಷೆ ರಿಪೋರ್ಟ್, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ. ಎಲ್ಲವೂ ಒಂದೇ ಫೈಲ್‌ನಲ್ಲಿ, ಹೊಸದು ಮೇಲೆ ಬರುವಂತೆ. ಎಲ್ಲದರ ಫೋಟೋ ಮೊಬೈಲ್‌ನಲ್ಲೂ ಇರಲಿ. ತಾಯಿ ಕಾರ್ಡ್‌ನಲ್ಲಿ ತೂಕದ ಗೆರೆ ಎಳೆಯುವ ಚಾರ್ಟ್ ಇದೆ ನೋಡಿ, ಅದು ಒಂದು ದಿನದ ತೂಕಕ್ಕಿಂತ ಜಾಸ್ತಿ ಹೇಳುತ್ತದೆ. ಪಕ್ಕದ ಮನೆ ಮಗುವಿಗಿಂತ ತೂಕ ಕಡಿಮೆ ಅನ್ನುವುದು ವಿಷಯವಲ್ಲ, ಮಗುವಿನ ಗೆರೆ ಮೇಲೆ ಹೋಗುತ್ತಿದೆಯಾ ಅಥವಾ ಮಲಗಿದೆಯಾ ಅನ್ನುವುದು ವಿಷಯ.

ಮುಂದೆ ಗುಂಡಿ ಇರುವ ಸಡಿಲ ಅಂಗಿ ಹಾಕಿ. ಮೂರು ಪದರ ಸ್ವೆಟರ್, ಟೋಪಿ ತೊಡಿಸಿದರೆ ಬಿಚ್ಚುವುದರಲ್ಲೇ ನಿಮ್ಮ ಐದು ನಿಮಿಷ ಮುಗಿಯುತ್ತದೆ, ಜ್ವರವೂ ಏರುತ್ತದೆ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ಗಂಟಲು ನೋಡಲು ನಾಲಿಗೆ ಒತ್ತಿದ ಕೂಡಲೇ ಎಲ್ಲ ಹೊರಗೆ ಬರುತ್ತದೆ. ಒಂದು ಜೊತೆ ಬಟ್ಟೆ, ಡೈಪರ್, ನೀರು, ಮಗುವಿನದೇ ಒಂದು ಆಟಿಕೆ ಸಾಕು. ಕ್ಲಿನಿಕ್‌ನ ಆಟಿಕೆಯನ್ನು ಎಷ್ಟು ಮಕ್ಕಳು ಬಾಯಿಗೆ ಹಾಕಿರುತ್ತಾರೋ.

ಮಗುವಿಗೆ ಏನು ಹೇಳಬೇಕು?

"ಊಟ ಮಾಡದಿದ್ರೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಸೂಜಿ ಚುಚ್ಚಿಸ್ತೀನಿ." ಈ ಮಾತು ಹೇಳದ ಮನೆ ಕಮ್ಮಿ. ವರ್ಷಪೂರ್ತಿ ಡಾಕ್ಟ್ರನ್ನು ಗುಮ್ಮ ಮಾಡಿಟ್ಟು, ಅವತ್ತು ಮಾತ್ರ "ಡಾಕ್ಟರ್ ಮಾಮ ಒಳ್ಳೆಯವರು ಪುಟ್ಟಾ" ಅಂದರೆ ಮಗು ನಂಬುತ್ತದಾ? ಮೊದಲು ಆ ಬೆದರಿಕೆಯನ್ನೇ ಬಿಡಬೇಕು. ಅಜ್ಜಿ ತಾತನಿಗೂ ಹೇಳಿಡಿ.

ಎರಡು ವರ್ಷ ದಾಟಿದ ಮಗುವಿಗೆ ಹೊರಡುವ ಸ್ವಲ್ಪ ಮುಂಚೆ ನಡೆಯುವುದನ್ನು ಹಾಗೇ ಹೇಳಿ. ಎರಡು ದಿನ ಮುಂಚೆ ಹೇಳಿದರೆ ಎರಡು ದಿನ ಹೆದರುತ್ತದೆ. "ತೂಕ ನೋಡ್ತಾರೆ, ಎದೆ ಮೇಲೆ ತಣ್ಣಗಿರೋದು ಇಡ್ತಾರೆ, ಟಾರ್ಚ್ ಬಿಟ್ಟು ಬಾಯಿ ನೋಡ್ತಾರೆ, ಆಮೇಲೆ ಮನೆಗೆ." ಮನೆಯಲ್ಲೇ ಗೊಂಬೆಯ ಎದೆಗೆ ಬಟ್ಟಲು ಇಟ್ಟು ಆಡಿಸಿ. ಬಾಯಿ ದೊಡ್ಡದಾಗಿ ತೆಗೆದು "ಆ" ಅನ್ನುವುದನ್ನು ಆಟದಲ್ಲೇ ಕಲಿತರೆ, ಗಂಟಲು ನೋಡುವಾಗ ಕೈಕಾಲು ಒತ್ತಿ ಹಿಡಿಯಬೇಕಾಗುವುದಿಲ್ಲ.

ಸೂಜಿ ಇದ್ದರೆ ಇಲ್ಲ ಅನ್ನಬೇಡಿ. ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ "ಡಾಕ್ಟ್ರನ್ನೇ ಕೇಳೋಣ" ಅನ್ನಿ. "ನೋವೇ ಆಗಲ್ಲ" ಅಂದು ನೋವಾದರೆ ಮುಂದಿನ ಸಲ ನಿಮ್ಮ ಮಾತು ನಡೆಯುವುದಿಲ್ಲ. "ಇರುವೆ ಕಚ್ಚಿದ ಹಾಗೆ ಚುರ್ ಅನ್ನುತ್ತೆ, ಹತ್ತು ಎಣಿಸೋ ಅಷ್ಟರಲ್ಲಿ ಹೋಗುತ್ತೆ, ನಾನು ಹಿಡ್ಕೊಂಡಿರ್ತೀನಿ" ಅನ್ನಿ. ಅತ್ತರೆ ಅಳಲಿ. "ಗಂಡು ಮಗು ಅಳ್ತಾರಾ" ಅನ್ನುವುದು ಮಾತ್ರ ಬೇಡ.

ಜಾಸ್ತಿ ಸದ್ದು, ಜನ, ಮುಟ್ಟುವುದು ಸಹಿಸದ ಮಗುವಾದರೆ, ಉದಾಹರಣೆಗೆ ಆಟಿಸಂ ಇರುವ ಮಗುವಾದರೆ, ಮೊದಲೇ ಫೋನ್ ಮಾಡಿ ಹೇಳಿ. ಮೊದಲ ಟೋಕನ್ ಅಥವಾ ಕೊನೆಯದು ಕೇಳಿ. ಹೆಚ್ಚಿನವರು ಇಲ್ಲ ಅನ್ನುವುದಿಲ್ಲ.

ಒಳಗೆ ಹೋದ ಮೇಲೆ

ಮುಖ್ಯವಾದದ್ದನ್ನು ಮೊದಲು ಹೇಳಿ. ನೆಗಡಿ, ತೂಕ, ಹಲ್ಲು, ಕೂದಲು ಎಲ್ಲ ಹೇಳಿ ಮುಗಿಸಿ, ಬಾಗಿಲ ಹತ್ತಿರ ಹೋಗಿ ತಿರುಗಿ "ಡಾಕ್ಟ್ರೇ, ನಿನ್ನೆ ಒಂದು ಸಲ ಕಣ್ಣು ಮೇಲೆ ಮಾಡಿಬಿಟ್ಟಿದ್ಳು" ಅನ್ನುವವರಿದ್ದಾರೆ. ಅದೇ ಮೊದಲ ಮಾತಾಗಬೇಕಿತ್ತು ಅಲ್ವಾ? ಚಿಕ್ಕ ಮಗುವನ್ನು ತೊಡೆ ಮೇಲೆಯೇ ಕೂರಿಸಿಕೊಳ್ಳಿ, ಮಂಚದ ಮೇಲೆ ಮಲಗಿಸಲು ಅವಸರ ಬೇಡ. ಡಾಕ್ಟ್ರು ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಮಾತಾಡಬೇಡಿ, ಅವರಿಗೆ ಕೇಳಿಸುವುದಿಲ್ಲ.

"ಒಂದು ಇಂಜೆಕ್ಷನ್ ಹಾಕಿಬಿಡಿ ಸರ್, ಬೇಗ ಹೋಗುತ್ತೆ", "ಆಂಟಿಬಯಾಟಿಕ್ ಬರೆಯಲ್ವಾ?" ಅಂತ ಒತ್ತಾಯ ಮಾಡಬೇಡಿ. ಸಾದಾ ನೆಗಡಿ ಜ್ವರ ವೈರಸ್‌ನಿಂದ ಬರುತ್ತದೆ, ಆಂಟಿಬಯಾಟಿಕ್ ಅದಕ್ಕೆ ಕೆಲಸ ಮಾಡುವುದಿಲ್ಲ. ಬರೀ ಪ್ಯಾರಾಸಿಟಮಾಲ್ ಬರೆದು ಕಳಿಸಿದ ಡಾಕ್ಟ್ರು ದಡ್ಡರಲ್ಲ. ನನ್ನನ್ನು ಕೇಳಿದರೆ ಅಂಥವರನ್ನು ಬಿಡಬೇಡಿ ಅನ್ನುತ್ತೇನೆ.

ಎದ್ದೇಳುವ ಮುಂಚೆ ಇಷ್ಟು ಕೇಳಿ. ಯಾವ ಔಷಧಿ, ಎಷ್ಟು ಎಂ.ಎಲ್., ಎಷ್ಟು ದಿನ? ಕೊಟ್ಟ ಕೂಡಲೇ ವಾಂತಿ ಮಾಡಿದರೆ ಮತ್ತೆ ಕೊಡಬೇಕಾ? ಏನು ಕಂಡರೆ ತಕ್ಷಣ ವಾಪಸ್ ಬರಬೇಕು? ಶಾಲೆಗೆ ಯಾವಾಗ ಕಳಿಸಬಹುದು? ಕೇಳಿಸಿಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಒಂದು ಸಲ ವಾಪಸ್ ಹೇಳಿ: "ಅಂದ್ರೆ ಇದು ಬೆಳಗ್ಗೆ ರಾತ್ರಿ ಐದು ದಿನ, ಇದು ಜ್ವರ ಇದ್ರೆ ಮಾತ್ರ." ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ತೊಂದರೆಯನ್ನು ತಾವೇ ಹೇಳಲಿ, ನೀವು ಆಮೇಲೆ ಸೇರಿಸಿ. ಡಾಕ್ಟ್ರು "ಸ್ವಲ್ಪ ಹೊರಗೆ ಕೂತ್ಕೊಳ್ಳಿ, ಅವಳ ಜೊತೆ ಮಾತಾಡ್ತೀನಿ" ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಸಣ್ಣ ಮಕ್ಕಳ ಪರೀಕ್ಷೆಯಾದರೆ, ಅಥವಾ ಮಗು ಬೇಕು ಅಂದರೆ, ಮನೆಯವರೊಬ್ಬರು ಒಳಗೇ ಇರಲಿ.

ಲಸಿಕೆಗೆ ಹೋಗುವಾಗ

ಜ್ವರದ ಮಕ್ಕಳ ನಡುವೆ ಆರೋಗ್ಯವಾಗಿರುವ ಕೂಸನ್ನು ಕೂರಿಸಬೇಡಿ. ಲಸಿಕೆಗೆ ಬೇರೆ ಹೊತ್ತು ಇದೆಯಾ ಅಂತ ಫೋನ್‌ನಲ್ಲೇ ಕೇಳಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹೆಚ್ಚಿನ ಕಡೆ ಗುರುವಾರ ಲಸಿಕೆ ದಿನ. ಹುಟ್ಟಿದಾಗ, ಆಮೇಲೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ, ಮತ್ತೆ ಒಂದೂಕಾಲು ವರ್ಷ ದಾಟಿದ ಮೇಲೆ ಎರಡು ವರ್ಷದೊಳಗೆ, ಐದನೇ ವರ್ಷಕ್ಕೆ. ಸರ್ಕಾರದ ಪಟ್ಟಿಯ ಲಸಿಕೆ ಅಲ್ಲಿ ಪುಕ್ಕಟೆ. ಖಾಸಗಿ ಕ್ಲಿನಿಕ್‌ನಲ್ಲಿ ಹಾಕಿಸಿದರೂ ಅದೇ ಕಾರ್ಡ್‌ನಲ್ಲಿ ಬರೆಸಿ. ತಾರೀಕು ತಪ್ಪಿದರೆ ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಸಣ್ಣ ನೆಗಡಿಗೆ ಲಸಿಕೆ ಮುಂದೆ ಹಾಕಬೇಕಾಗಿಯೂ ಇಲ್ಲ.

ಚುಚ್ಚುವಾಗ ಎದೆಹಾಲು ಕುಡಿಸುತ್ತಿದ್ದರೆ ನೋವು ಕಡಿಮೆಯಾಗುತ್ತದೆ. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಿ. ಚುಚ್ಚಿದ ಜಾಗವನ್ನು ಉಜ್ಜಬೇಡಿ, ಅರಿಶಿನ ಹಚ್ಚಬೇಡಿ. ಹುಟ್ಟಿದಾಗ ತೋಳಿಗೆ ಹಾಕಿದ ಬಿಸಿಜಿ (ಕ್ಷಯದ ಲಸಿಕೆ) ಕೆಲವು ವಾರದ ಮೇಲೆ ಗುಳ್ಳೆಯಾಗಿ ಕೀವು ಬರುತ್ತದೆ. ಅದು ಹಾಗೇ ಆಗಬೇಕು, ಒತ್ತಬೇಡಿ.

ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರೆ

ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಇಲ್ಲವೇ ನಿಮ್ಮ ಜಿಲ್ಲಾಸ್ಪತ್ರೆಗೆ ಹೋಗಿ ಅಂದರೆ ರೆಫರಲ್ ಚೀಟಿ, ರೇಷನ್ ಕಾರ್ಡ್, ಆಧಾರ್ ಎಲ್ಲದರ ಅಸಲು ಮತ್ತು ಜೆರಾಕ್ಸ್ ಇಟ್ಟುಕೊಳ್ಳಿ. ಹೊರರೋಗಿ ಚೀಟಿ ಸಾಲು ಬೆಳಗ್ಗೆಯೇ ಬೆಳೆಯುತ್ತದೆ. ಒಬ್ಬರು ಸಾಲಿಗೆ, ಒಬ್ಬರು ಮಗುವಿಗೆ ಇರಲಿ. ಮಾತು, ನಡಿಗೆ ತಡವಾಗಿದೆ, ಕಿವಿ ಕೇಳುತ್ತಿಲ್ಲ ಅನ್ನುವ ಅನುಮಾನ ಇದ್ದರೆ ಅಂಗನವಾಡಿಗೆ, ಶಾಲೆಗೆ ಮಕ್ಕಳ ತಪಾಸಣೆಗೆ ಬರುವ ಸರ್ಕಾರದ ಬಾಲ ಸ್ವಾಸ್ಥ್ಯ ತಂಡಕ್ಕೂ ಹೇಳಬಹುದು. ಅವರು ಬೇಕಾದ ಕಡೆ ಪುಕ್ಕಟೆ ಕಳಿಸಿಕೊಡುತ್ತಾರೆ.

ಮನೆಗೆ ಬಂದ ಮೇಲೆ

ಪುಡಿ ರೂಪದ ಆಂಟಿಬಯಾಟಿಕ್ ಕೊಟ್ಟಿದ್ದರೆ ಮೊದಲು ಬಾಟಲಿ ಅಲ್ಲಾಡಿಸಿ ಪುಡಿ ಸಡಿಲ ಮಾಡಿ. ಕುದಿಸಿ ಆರಿಸಿದ ನೀರನ್ನು ಗೆರೆಯ ಕೆಳಗಿನವರೆಗೆ ಹಾಕಿ, ಚೆನ್ನಾಗಿ ಕುಲುಕಿ. ನೊರೆ ಇಳಿದ ಮೇಲೆ ಮತ್ತೆ ಗೆರೆಗೆ ಸರಿಯಾಗಿ ನೀರು ಸೇರಿಸಿ. ಪ್ರತಿ ಸಲ ಕೊಡುವ ಮುಂಚೆಯೂ ಕುಲುಕಬೇಕು, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಕರಗಿಸಿದ ತಾರೀಕನ್ನು ಪೆನ್ನಿನಲ್ಲಿ ಬಾಟಲಿ ಮೇಲೆ ಬರೆಯಿರಿ. ಫ್ರಿಜ್‌ನಲ್ಲಿಡಬೇಕಾ, ಎಷ್ಟು ದಿನದೊಳಗೆ ಮುಗಿಸಬೇಕು ಅಂತ ಲೇಬಲ್‌ನಲ್ಲಿರುತ್ತದೆ, ಎಷ್ಟೋ ಔಷಧಿಗೆ ಅದು ಒಂದು ವಾರವಷ್ಟೇ. ಅಳತೆಗೆ ಅಡುಗೆಮನೆ ಚಮಚ ಬೇಡ, ಬಾಟಲಿಯ ಮುಚ್ಚಳ ಅಥವಾ ಸೂಜಿ ಇಲ್ಲದ ಸಿರಿಂಜ್ ಬಳಸಿ. ಮಗುವನ್ನು ಕೂರಿಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವಾಗಿ ಬಿಡಿ. ಮೂಗು ಮುಚ್ಚಿ ಗಂಟಲಿಗೆ ಸುರಿದರೆ ನೆತ್ತಿಗೇರುತ್ತದೆ.

ಎರಡೇ ದಿನಕ್ಕೆ ಮಗು ಓಡಾಡತೊಡಗಿದರೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಆಮೇಲೂ ಬಾಟಲಿಯಲ್ಲಿ ಉಳಿದರೆ ಮುಂದಿನ ಜ್ವರಕ್ಕೆ, ತಮ್ಮನಿಗೆ, ಪಕ್ಕದ ಮನೆಯವರಿಗೆ ಅಂತ ಎತ್ತಿಡಬೇಡಿ, ಬಿಸಾಡಿ.